ಕಣ್ಣಿಲ್ಲದ ಹುಳದ ಬಳಗ ಹುಡುಕಿಕೊಂಡು

ಮುಂಬೈ

ಮುಂಬೈ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಕೈಚೀಲ ಮೂರು ಸಲ ಯಂತ್ರದೊಳಗೆ ಹೋಗಿ ಬಂತು. ನಾಲ್ಕನೆಯ ಸಲಕ್ಕೆ ಅಲ್ಲಿದ್ದ ಹೆಣ್ಣುಮಗಳು ಚೀಲ ಬಿಚ್ಚಿ ಒಂದೊಂದೇ ಸಾಮಾನು ಮೇಜಿನ ಮೇಲೆ ಇಟ್ಟಳು. ನೂರು ಖಾಲಿ ಪುಟಾಣಿ ಶೀಸೆ, ಸಣ್ಣದೊಂದು ಬಲೆ, ಭೂತಗನ್ನಡಿ, ಇಪ್ಪತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಆಮೇಲೆ ಎರಡು ಪದರ ಮಡಚಿ ಅಂಚು ಹೊಲಿದ ಬಿಳಿ ಅರಿವೆ.

"ಶೀಸೆಯಲ್ಲಿ ಏನು ತರುತ್ತೀರಿ?" ಅಂತ ಕೇಳಿದಳು.

"ಹುಳದ ಕಾಲು."

"ಹುಳ?"

"ಅಲ್ಲ, ಬರೀ ಕಾಲು. ಹುಳ ಅಲ್ಲೇ ಇರುತ್ತದೆ."

ಅವಳು ನನ್ನನ್ನೊಮ್ಮೆ, ರೊಟ್ಟಿಯನ್ನೊಮ್ಮೆ ನೋಡಿ ಮೇಲಿನವರನ್ನು ಕರೆದಳು. ಅವರು ಕಾಗದಪತ್ರ ನೋಡಿ, ರೊಟ್ಟಿ ಬೆರಳಿನಿಂದ ಬಡಿದು ನೋಡಿ, ಹೋಗಿ ಅಂದರು.

ನಾನು ಮುಧೋಳದ ಕಡೆಯ ಜೈನರ ಮನೆಯವಳು. ಸಂಶೋಧನೆ ಮಾಡುತ್ತಿರುವುದು ಕೀಟಗಳ ಮೇಲೆ. ಯಾವ ಹುಳ ಯಾವ ನೆಲದಲ್ಲಿ ಯಾಕಿದೆ, ಅದರ ಬಳಗ ಎಲ್ಲೆಲ್ಲಿ ಚದುರಿದೆ, ಅಷ್ಟು ದೂರ ಹೇಗೆ ಹೋಯಿತು ಅನ್ನುವುದು ನನ್ನ ಓದು. ಇರುವೆ ಸಾಲು ಕಂಡರೆ ದಾಟಿ ಹೋಗುವ ಮನೆಯಲ್ಲಿ ಈ ಸುದ್ದಿ ತಿಳಿದ ದಿನ ಆಯಿ, ಅಂದರೆ ನಮ್ಮ ಅಜ್ಜಿ, ನನ್ನ ಜೊತೆ ಮಾತು ಬಿಟ್ಟಳು. ಎರಡು ದಿನದ ಮೇಲೆ ಒಂದು ಶರತ್ತು ಹಾಕಿದಳು. "ಓದಬೇ, ಬ್ಯಾಡ ಅನ್ನಂಗಿಲ್ಲ. ಆದರ ನಿನ್ನ ಕೈಯಾಗ ಒಂದೂ ಜೀವ ಹೋಗಬಾರದು." ಅಂದಿನಿಂದ ನಾನು ಹುಳ ಹಿಡಿಯುತ್ತೇನೆ, ಫೋಟೋ ತೆಗೆಯುತ್ತೇನೆ, ಚಿಮಟದಿಂದ ಒಂದು ಕಾಲು ತೆಗೆದುಕೊಂಡು ಬಿಟ್ಟುಬಿಡುತ್ತೇನೆ. ವಂಶ ಪತ್ತೆ ಹಚ್ಚಲು ಅಷ್ಟು ಸಾಕು. ನನ್ನ ಜೊತೆ ಓದುವವರು ಡಬ್ಬಿಗಟ್ಟಲೆ ಹುಳ ಸೂಜಿಗೆ ಚುಚ್ಚಿ ಇಟ್ಟಿದ್ದಾರೆ. ನನ್ನದು ಕಾಲುಗಳ ಸಂಗ್ರಹ.

ಮಡಗಾಸ್ಕರಿಗೆ ಹೊರಟದ್ದಕ್ಕೂ ಆಯಿಯೇ ಕಾರಣ. ನಮ್ಮ ಹೊಲದ ಬಾವಿಯ ನೀರನ್ನು ಆಕೆ ಅರಿವೆಯಲ್ಲಿ ಸೋಸದೆ ಕೊಡಕ್ಕೆ ಹಾಕುವುದಿಲ್ಲ. ಸೋಸಿ ಉಳಿದದ್ದನ್ನು ಚೆಲ್ಲುವಂತೆಯೂ ಇಲ್ಲ. ಅರಿವೆ ಮಗುಚಿ, ಅದೇ ನೀರು ಹನಿಸಿ, ಅದೇ ಬಾವಿಗೆ ಮರಳಿ ಬಿಡಬೇಕು. ಒಳಗೆ ಸಿಕ್ಕ ಜೀವ ತನ್ನ ಮನೆಗೆ ಹೋಗಬೇಕಲ್ಲ. ಒಂದು ಸಲ ರಜೆಗೆ ಹೋದಾಗ ಆ ಅರಿವೆಯ ಮೇಲೆ ಎಳ್ಳಿನಷ್ಟು ಕಂದು ಹುಳ ಹರಿದಾಡುತ್ತಿತ್ತು. ಭೂತಗನ್ನಡಿ ಹಿಡಿದರೆ ಅದಕ್ಕೆ ಕಣ್ಣೇ ಇಲ್ಲ. ರೆಕ್ಕೆ ಹೆಸರಿಗಷ್ಟೇ. ನೆಲದಡಿ ಕಲ್ಲಿನ ಸಂದಿಯ ನೀರಿನಲ್ಲಿ ಬಾಳುವ ಹುಳ ಅದು. ಆಯಿ ಅರವತ್ತು ವರ್ಷದಿಂದ ಅದನ್ನು ಮನೆಗೆ ಕಳಿಸುತ್ತ ಬಂದಿದ್ದಳು.

ಹಾರಲು ಬಾರದ, ಕಣ್ಣು ಕಾಣದ, ಸಮುದ್ರ ದಾಟಲಾಗದ ಹುಳ. ಕೋಟ್ಯಂತರ ವರ್ಷಗಳ ಕೆಳಗೆ ನಮ್ಮ ನೆಲ ಮತ್ತು ಮಡಗಾಸ್ಕರ್ ಒಂದೇ ಆಗಿದ್ದವು. ಇಂಥದೇ ಹುಳ ಅಲ್ಲಿಯ ಬಾವಿಯಲ್ಲೂ ಇದ್ದು, ಎರಡೂ ಒಂದೇ ವಂಶದ್ದಾದರೆ, ನೆಲ ಸೀಳಿದಾಗ ಅವೂ ಅಗಲಿದವು ಅಂತ ಅರ್ಥ. ನನ್ನ ಗೈಡ್ ಮೇಡಂ ಒಪ್ಪಲಿಲ್ಲ. ನಮ್ಮ ಭಾಗದಲ್ಲಿ ಲಾವಾ ಹರಿದು ಎಲ್ಲ ಸುಟ್ಟುಹೋಗಿದೆ, ಅಷ್ಟು ಹಳೆಯದು ಉಳಿದಿರಲಾರದು ಅಂದರು. ಮುಧೋಳ, ಬೀಳಗಿ ಕಡೆ ಅದಕ್ಕೂ ಹಳೆಯ ಸುಣ್ಣಕಲ್ಲು ಇದೆ, ಅದರ ಸಂದಿಯಲ್ಲಿ ಉಳಿದಿರಬಹುದು ಅಂತ ನನ್ನ ವಾದ. "ಹಾಗಾದರೆ ಅಲ್ಲಿಯ ಹುಳದ ಪುರಾವೆ ತಾ. ಇಲ್ಲದಿದ್ದರೆ ಆ ಅಧ್ಯಾಯ ಕಿತ್ತುಹಾಕು," ಅಂದರು. ಆ ಅಧ್ಯಾಯ ನನ್ನ ಮೂರು ವರ್ಷದ ದುಡಿಮೆ.

ಅಂತಾನಾನಾರಿವೊ

ಆಫ್ರಿಕಾದ ಕಡೆ ಅಂದರೆ ಬಿಸಿಲು ಅಂತ ತಿಳಿದು ಸ್ವೆಟರ್ ಒಯ್ದಿರಲಿಲ್ಲ. ರಾಜಧಾನಿ ಗುಡ್ಡದ ಮೇಲಿದೆ, ನಾನು ಹೋದದ್ದು ಅವರ ಚಳಿಗಾಲದಲ್ಲಿ. ಕರೆದುಕೊಂಡು ಹೋಗಲು ಬಂದ ನಿರಿನಾ ನನ್ನ ನಡುಕ ನೋಡಿ ತನ್ನ ಮೈಮೇಲಿನ ಶಾಲನ್ನೇ ಹೊದಿಸಿದಳು. ಆಕೆಯೂ ಅಲ್ಲಿ ಕೀಟಗಳ ಮೇಲೆ ಸಂಶೋಧನೆ ಮಾಡುವವಳು. ಪಶ್ಚಿಮದ ಒಂದು ಊರಿನ ಬಾವಿಯಲ್ಲಿ ಕಂಡ ಹುಳದ ಮಸುಕು ಫೋಟೋ ಕಳಿಸಿ ನನ್ನನ್ನು ಇಷ್ಟು ದೂರ ಎಳೆದವಳು. ಶಾಲಿನ ಅಂಚು ಮುಟ್ಟಿ ನೋಡಿದೆ. ನಮ್ಮ ಕಡೆಯ ರಬಕವಿಯ ನೇಕಾರರು ನೋಡಿದರೆ ಎಳೆ ಎಣಿಸದೆ ಬಿಡುತ್ತಿರಲಿಲ್ಲ.

ಅವರ ಮನೆಯಲ್ಲಿ ಮೂರು ಹೊತ್ತೂ ಅನ್ನ. ಅನ್ನ ಮಾಡಿದ ಪಾತ್ರೆಯ ತಳ ಬೇಕಂತಲೇ ಸೀಯಿಸಿ, ಅದಕ್ಕೆ ನೀರು ಹಾಕಿ ಕುದಿಸಿ ಕುಡಿಯುತ್ತಾರೆ. ನಮ್ಮಲ್ಲಿ ಅನ್ನ ಸೀದರೆ ಅಡುಗೆ ಮಾಡಿದವಳಿಗೆ ಬೈಗುಳ. ಇಲ್ಲಿ ಸೀಯದಿದ್ದರೆ ಕುಡಿಯಲು ಏನೂ ಇಲ್ಲ ಅಂತ ಬೈಗುಳ. ನನಗೋ ಕುದಿಸಿದ ನೀರು ಸಿಕ್ಕಿತೆಂದು ಖುಷಿ.

ಊಟಕ್ಕೆ ಮೊದಲು ನನ್ನ ನಿಯಮ ಹೇಳುವುದು ಹೇಗೆ ಅಂತ ಯೋಚಿಸುತ್ತಿದ್ದೆ. ಉಳ್ಳಾಗಡ್ಡಿ, ಬಟಾಟೆ, ನೆಲದಡಿಯ ಗಡ್ಡೆ ಯಾವುದೂ ನಾನು ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಹಾಸ್ಟೆಲಿನಲ್ಲಿ ಇದನ್ನು ಹೇಳಿದರೆ ಅರ್ಧ ತಾಸು ವಾದ, ಆಮೇಲೆ ಒಂದು ವಾರ ಗೇಲಿ. ನಿರಿನಾಳ ತಾಯಿಗೆ ಹೇಳಿದಾಗ ಆಕೆ "ಓ, ಫಾದಿ" ಅಂದು ಪಲ್ಯದ ಪಾತ್ರೆ ಆಚೆ ಸರಿಸಿ ಬೇರೆ ತಂದಿಟ್ಟಳು. ಅಷ್ಟೇ. ಯಾಕೆ ಏನು ಅಂತ ಒಂದು ಮಾತಿಲ್ಲ.

ಫಾದಿ ಅಂದರೆ ಮಾಡಬಾರದ್ದು. ಅಲ್ಲಿ ಪ್ರತಿ ಮನೆಗೆ, ಪ್ರತಿ ಊರಿಗೆ ಒಂದೊಂದು ಫಾದಿ. ನಿರಿನಾಳ ಮನೆಯವರು ಆಡಿನ ಮಾಂಸ ಮುಟ್ಟುವುದಿಲ್ಲ. ಹಿರಿಯರ ಗೋರಿಯ ಕಡೆ ಬೆರಳು ನೀಡುವಂತಿಲ್ಲ, ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಇಡೀ ದೇಶವೇ ಹೀಗಿದೆ ಅಂತ ತಿಳಿದಾಗ, ಜೀವನದಲ್ಲಿ ಮೊದಲ ಸಲ, ನಾನು ಎಲ್ಲರಂತೆ ಇದ್ದೇನೆ ಅನ್ನಿಸಿತು.

ಪಶ್ಚಿಮದ ದಾರಿ

ಅಲ್ಲಿಯ ದೂರದ ಗಾಡಿಗಳು ತುಂಬಿದ ಮೇಲೆಯೇ ಹೊರಡುವುದು. ಜಮಖಂಡಿ ಸ್ಟ್ಯಾಂಡಿನ ಹೊರಗೆ ಟಂಟಂ ಆಟೋದವರು "ಇನ್ನ ಒಬ್ಬರರಿ, ಇನ್ನ ಒಬ್ಬರ" ಅಂತ ಕೂಗುವುದು ಕೇಳಿ ಬೆಳೆದವಳಿಗೆ ಅದೇನು ಹೊಸದಲ್ಲ. ಆರಕ್ಕೆ ಅಂದದ್ದು ಹತ್ತಕ್ಕೆ ಹೊರಟಿತು. ನನ್ನ ಕಾಲ ಬುಡದಲ್ಲಿ ಒಂದು ಕೋಳಿ ಇತ್ತು. ಅದು ದಾರಿಯುದ್ದಕ್ಕೂ ನನ್ನ ಚಪ್ಪಲಿಯ ಬಾರು ಕುಟುಕಿತು. ಹೊರಗೆ ಕೆಂಪು ಮಣ್ಣು, ಹುಲ್ಲು, ಆಗಾಗ ಭುಜದ ಮೇಲೆ ದೊಡ್ಡ ಡುಬ್ಬವಿದ್ದ ದನಗಳು. ನಮ್ಮ ಖಿಲಾರಿ ಎತ್ತಿನ ಅಣ್ಣತಮ್ಮಂದಿರಂತೆ ಕಂಡವು. ಗದ್ದೆಯ ನಡುವೆ ನಿಂತ ಒಂದನ್ನು ನೋಡಿ ಕಣ್ಣಲ್ಲಿ ನೀರು ಬಂತು. ನಿರಿನಾ ಕೋಳಿ ಕಚ್ಚಿತೇನೋ ಅಂತ ಬಗ್ಗಿ ನೋಡಿದಳು.

ಹೊತ್ತು ಇಳಿಯತೊಡಗಿತು. ಗಾಡಿ ಕುಲುಕಾಟದಲ್ಲಿ ರೊಟ್ಟಿ ಬಾಯಿಗೆ ಹೋಗುವಂತಿರಲಿಲ್ಲ, ಕೈ ತೊಳೆಯಲು ನೀರಿಲ್ಲ. ಇವತ್ತು ಉಪವಾಸ ಅಂತ ನಾನು ಸುಮ್ಮನಾದೆ. ನಿರಿನಾ ಪಕ್ಕದವಳಿಗೆ ಪಿಸುಗುಟ್ಟಿದಳು, ಪಕ್ಕದವಳು ಮುಂದಿನವನಿಗೆ ಹೇಳಿದಳು. ನೋಡುತ್ತಿದ್ದಂತೆ ಇಡೀ ಗಾಡಿ ಚಾಲಕನ ಮೇಲೆ ಕೂಗಾಡುತ್ತಿತ್ತು. ನಿರಿನಾ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದಳು, ಆದರೆ ನನ್ನ ಕಿವಿಗೆ ಅದು ನಮ್ಮೂರ ಮಾತಾಗಿಯೇ ಕೇಳುತ್ತಿತ್ತು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

"ಏ, ನಿಲ್ಸಪಾ! ಈಕಿದು ಫಾದಿ ಐತಿ. ಹೊತ್ತ ಮುಳಗಾಕತ್ತೈತಿ!"

ಗಾಡಿ ಒಂದು ಹಳ್ಳದ ಬದಿಗೆ ನಿಂತಿತು. ಕೈ ತೊಳೆದು ಕೂತೆ. ಹದಿನೆಂಟು ಜನ ಸುತ್ತ ನಿಂತು, ಒಬ್ಬ ಸೂರ್ಯನನ್ನು, ಉಳಿದವರು ನನ್ನನ್ನು ನೋಡುತ್ತಿದ್ದರು. ರೊಟ್ಟಿ ಮುರಿದ ಸಪ್ಪಳಕ್ಕೆ ಎಲ್ಲರೂ ನಕ್ಕರು. ಎಲ್ಲರಿಗೂ ಮುರಿದು ಕೊಟ್ಟೆ, ಎಲ್ಲ ರೊಟ್ಟಿ ಅಲ್ಲೇ ಖಾಲಿ. ಒಬ್ಬ ಮುದುಕ ಬಹಳ ಹೊತ್ತು ಅಗಿದು ಕೇಳಿದ: "ತಾಟ ಛಲೋ ಐತಿ. ಊಟ ಎಲ್ಲೈತಿ?"

ಬಾವಿಯ ಊರು

ಊರಿನಲ್ಲಿ ನಲವತ್ತು ಮನೆ, ಒಂದು ಬಾವಿ. ಹಿರಿಯನನ್ನು ಎಲ್ಲರೂ ದಾದಾಬೆ ಅನ್ನುತ್ತಾರೆ, ಅಂದರೆ ಅಜ್ಜ. ಅವನ ಅಪ್ಪಣೆಯಿಲ್ಲದೆ ಬಾವಿ ಮುಟ್ಟುವಂತಿಲ್ಲ. ಹಿರಿಯರನ್ನು ಕಾಣಲು ಹೋಗುವಾಗ ರಮ್ ಒಯ್ಯುವುದು ರೂಢಿ. ಆ ಬಾಟಲಿ ನಾನು ಮುಟ್ಟಲಾರೆ ಅಂದೆ, ನಿರಿನಾಳೇ ಹಿಡಿದುಕೊಂಡು ಬಂದಳು. ದಾದಾಬೆ ಅದನ್ನು ಬದಿಗಿಟ್ಟು ನಮ್ಮ ಮಾತು ಪೂರ್ತಿ ಕೇಳಿದ.

"ನೋಡಬಹುದು," ಅಂದ. "ಆದರ ಈ ಬಾವ್ಯಾಗಿಂದ ನೀರು ಬಿಟ್ಟು ಇನ್ನೇನೂ ಹೊರಗ ಹೋಗಬಾರದು. ಇದು ನಮ್ಮ ಹಿರ್‍ಯಾರ ಫಾದಿ. ಗುರುವಾರ ಅಂತೂ ಬಾವಿಗೆ ಕೈ ಹಚ್ಚಂಗಿಲ್ಲ, ಕುಡಿಯೂ ನೀರು ಬುಧವಾರನ ತುಂಬಿಡಬೇಕು."

ಹುಳ ಸಿಗುವುದು ಒಂದು, ಅದರ ಕಾಲು ಹೊರಗೊಯ್ಯುವುದು ಇನ್ನೊಂದು. ಮೊದಲು ಸಿಗಲಿ, ಆಮೇಲೆ ಕೇಳೋಣ ಅಂದಳು ನಿರಿನಾ. ನಮಗೆ ಶುಕ್ರವಾರ ಮಧ್ಯಾಹ್ನದವರೆಗೆ ಸಮಯ. ಆಮೇಲಿನ ಗಾಡಿ ತಪ್ಪಿದರೆ ನನ್ನ ವಿಮಾನವೂ ತಪ್ಪುತ್ತದೆ.

ಭಾನುವಾರ, ಸೋಮವಾರ, ಮಂಗಳವಾರ ಬಲೆ ಇಳಿಸಿದೆವು. ತಳದಿಂದ, ನಡುವಿನಿಂದ, ಕಲ್ಲಿನ ಸಂದಿಯ ಬದಿಯಿಂದ. ಬಂದದ್ದು ಎಲೆ, ಕಪ್ಪೆಮರಿ, ಒಂದು ಹಳೆಯ ಚಮಚ. ಚಮಚ ದಾದಾಬೆಯ ಹೆಂಡತಿಯದು, ಹತ್ತು ವರ್ಷದ ಹಿಂದೆ ಬಿದ್ದದ್ದು. ಅದು ಹೊರಗೆ ಬರಬಹುದೋ ಬಾರದೋ ಅಂತ ಅರ್ಧ ತಾಸು ಚರ್ಚೆ ನಡೆದು, ಮೊದಲು ಬಾವಿಯದಲ್ಲವಾದ್ದರಿಂದ ಬರಬಹುದು ಅಂತ ತೀರ್ಮಾನವಾಯಿತು. ಆಕೆಯನ್ನು ಎಲ್ಲರೂ ನೇನಿಬೆ, ಅಂದರೆ ಅಜ್ಜಿ, ಅನ್ನುತ್ತಾರೆ. ಚಮಚ ಸಿಕ್ಕ ಮೇಲೆ ಆಕೆಗೆ ನನ್ನ ಮೇಲೆ ಬಹಳ ಪ್ರೀತಿ.

ಸಂಜೆ ಹೊತ್ತು ಊರಿನವರಿಗೆ ಫೋನಿನಲ್ಲಿ ನಮ್ಮ ಮನೆ, ಕಬ್ಬಿನ ಹೊಲ, ಗಲಗಲಿಯ ಹೊಳೆ ತೋರಿಸುತ್ತಿದ್ದೆ. ನಮ್ಮ ಕಾಕಾನ ಮುಧೋಳ ನಾಯಿಯ ಫೋಟೋ ಬಂದಾಗ ನಾನು ಎದೆಯುಬ್ಬಿಸಿ, ಇದು ರಾಜರು ಸಾಕುತ್ತಿದ್ದ ತಳಿ ಅಂದೆ. ಅದರ ಪಕ್ಕೆಲುಬು ನೋಡಿ ನೇನಿಬೆ ಮರುಗಿದಳು. "ಪಾಪ, ರಾಜರ ಮನ್ಯಾಗ ಇದಕ್ಕ ಕೂಳ ಹಾಕ್ತಿದ್ದಿಲ್ಲೇನು?"

ಬುಧವಾರ

ಬುಧವಾರ ಬೆಳಿಗ್ಗೆಯೂ ಬಲೆ ಖಾಲಿ. ಬಿಸಿಲು ಏರಿತು, ಬಾಯಾರಿತು. ಬಲೆ ಬದಿಗೆ ಒಗೆದು, ಕುಡಿಯಲು ಒಂದು ಬಕೆಟ್ ಸೇದಿದೆ. ಗಡಿಗೆಯ ಬಾಯಿಗೆ ನನ್ನ ಬಿಳಿ ಅರಿವೆ ಹಾಸಿ ನೀರು ಸುರಿದೆ. ಆಮೇಲೆ ಅರಿವೆ ಎತ್ತಿ, ಬಾವಿಯ ಕಡೆ ಬಗ್ಗಿ, ಮಗುಚಿ, ಬೊಗಸೆ ನೀರು ಹನಿಸಿದೆ. ಬಾಯಲ್ಲಿ ಆಯಿ ಕಲಿಸಿದ ಮಂತ್ರ. ಐದು ವರ್ಷದವಳಿದ್ದಾಗಿನಿಂದ ಮಾಡಿದ ಕೆಲಸ, ಅದಕ್ಕೆ ತಲೆ ಬೇಕಿಲ್ಲ.

ಅರಿವೆಯಿಂದ ಕೊನೆಯ ಹನಿ ಜಾರುವಾಗ ಅದರ ಜೊತೆ ಎಳ್ಳಿನಷ್ಟು ಕಂದು ಚುಕ್ಕೆ ಜಾರಿತು. ಅದಕ್ಕೆ ಆರು ಕಾಲಿದ್ದವು. ಕಾಲು ಆಡಿಸುತ್ತಲೇ ಬಾವಿಗೆ ಬಿತ್ತು.

ನಾನು ಕಿರುಚಿದ್ದಕ್ಕೆ ನಿರಿನಾ ಓಡಿ ಬಂದಳು.

"ಏನಾಯಿತು?"

"ಸಿಕ್ಕಿತ್ತು."

"ಎಲ್ಲಿದೆ?"

"ಮನೆಗೆ ಕಳಿಸಿಬಿಟ್ಟೆ."

ಅವಳು ಮೊದಲು ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ನಾನು ಬಾವಿಯ ಕಟ್ಟೆಗೆ ಕೂತು ಮಕ್ಕಳಂತೆ ಅತ್ತೆ. ಕೀಟಶಾಸ್ತ್ರದ ಇಷ್ಟು ಜನರಲ್ಲಿ, ಹುಡುಕಿದ ಹುಳ ಕೈಗೆ ಬಂದಾಗ ಮಂತ್ರ ಹೇಳಿ ಬೀಳ್ಕೊಟ್ಟವಳು ನಾನೊಬ್ಬಳೇ ಇರಬೇಕು. ಆ ಸಂಜೆಯವರೆಗೆ ಅರಿವೆಯಲ್ಲೇ ನೂರಾರು ಬಕೆಟ್ ಸೋಸಿದೆವು. ಏನೂ ಬರಲಿಲ್ಲ. ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಮೇಡಂಗೆ ಬರೆದೆ: ಹುಳ ಇದೆ, ಕಣ್ಣಾರೆ ಕಂಡೆ, ಬಾವಿಗೆ ಬಿಟ್ಟೆ. ಅವರಿಂದ ಬಂದದ್ದು ಒಂದು ಪ್ರಶ್ನಾರ್ಥಕ ಚಿಹ್ನೆ.

ಗುರುವಾರ

ಬಾವಿಗೆ ಕೈ ಹಚ್ಚುವಂತಿಲ್ಲ. ದಿನವಿಡೀ ಅದನ್ನು ದೂರದಿಂದ ನೋಡುತ್ತ ಕೂತೆ. ದಾದಾಬೆ ಬಂದು ಪಕ್ಕದಲ್ಲಿ ಕೂತ, ಮಾತು ದಾಟಿಸಲು ನಿರಿನಾ ಇದ್ದಳು. ಅವನು ಬುಧವಾರ ಎಲ್ಲವನ್ನೂ ನೋಡಿದ್ದ.

"ಮೂರು ದಿನ ಹುಡುಕಿದ್ದು ಕೈಗೆ ಬಂದಾಗ ಯಾಕ ಬಿಟ್ಟಿ?"

"ಬೇಕಂತ ಬಿಡಲಿಲ್ಲರಿ. ಕೈ ರೂಢಿಯಂತೆ ಮಾಡಿಬಿಡ್ತು. ನೀರಾಗಿನ ಜೀವ ನೀರಿಗೇ ಬಿಡಬೇಕು, ಅದು ನಮ್ಮ ಫಾದಿ."

ಅವನು ಕೆಮ್ಮು ಬರುವವರೆಗೆ ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, "ಆ ಹುಳ ತಗೊಂಡು ಏನ ಮಾಡಾಕಿ ಇದ್ದಿ?" ಅಂದ.

ಹುಳ ಬೇಡ, ಆರರಲ್ಲಿ ಒಂದು ಕಾಲು ಸಾಕು, ಹುಳ ಮರಳಿ ಬಾವಿಗೇ ಹೋಗುತ್ತದೆ ಅಂದೆ. ನಮ್ಮ ಬಾವಿಯಲ್ಲೂ ಇಂಥದೇ ಒಂದಿದೆ, ಎರಡೂ ಒಂದೇ ಮನೆತನದವೋ ಅಲ್ಲವೋ ಅಂತ ಆ ಕಾಲು ಹೇಳುತ್ತದೆ ಅಂದೆ. ದಾದಾಬೆ ಬಾವಿಯ ಕಡೆ ತಿರುಗಿದ.

"ಬಳಗ ಯಾರು ಅಂತ ಕೇಳಾಕ ಫಾದಿ ಇಲ್ಲ," ಅಂದ. "ಕಾಲ ತಗೋ. ಆದರ ಏನು ಗೊತ್ತಾತು ಅಂತ ನನಗ ಹೇಳಬೇಕು."

ಶುಕ್ರವಾರ

ಮಧ್ಯಾಹ್ನ ಗಾಡಿ. ಬೆಳಕು ಹರಿಯುವ ಹೊತ್ತಿಗೆ ಅರಿವೆ ಹಿಡಿದು ಓಡಿದರೆ ಬಾವಿಯ ಸುತ್ತ ಆಗಲೇ ಜನ. ನೇನಿಬೆ ರಾತ್ರಿಯೇ ಮನೆಮನೆಗೆ ಹೇಳಿಕಳಿಸಿದ್ದಳಂತೆ. ಹನ್ನೆರಡು ಹೆಂಗಸರು, ಹನ್ನೆರಡು ಗಡಿಗೆ, ಗಡಿಗೆಯ ಬಾಯಿಗೆ ಅವರವರ ಹೊದಿಕೆಯ ಬಟ್ಟೆ. ಒಬ್ಬಳು ಸೇದಿದರೆ ಒಬ್ಬಳು ಸುರಿಯುವಳು, ಸೋಸಿದ್ದನ್ನು ನಾನು ನೋಡಿ ಹೂಂ ಅಂದ ಮೇಲೆಯೇ ಬಾವಿಗೆ ಮಗುಚುವಳು. ಅವರಿಗೆ ಅದು ಹಬ್ಬ. ಹಾಡು ಹೇಳಿದರು, ನನ್ನ ಮಂತ್ರ ಕಲಿತು ಬೇಕಾದಂತೆ ತಿರುಚಿ ಹೇಳಿದರು. ನಾನು ಮಾತ್ರ ಬಟ್ಟೆಗೊಮ್ಮೆ ಗಡಿಯಾರ ನೋಡುತ್ತಿದ್ದೆ.

ಹನ್ನೊಂದಾಯಿತು. ನಿರಿನಾ ಚೀಲಗಳನ್ನು ರಸ್ತೆಗೆ ಒಯ್ದಿಟ್ಟಳು. ಆಗ ನೇನಿಬೆ ತನ್ನ ಬಟ್ಟೆಯ ಮೇಲೆ ಬಗ್ಗಿ, ಯಾರನ್ನೂ ಕರೆಯದೆ, ನನ್ನ ಕಡೆ ಬೆರಳು ಮಡಚಿ ಆಡಿಸಿದಳು.

ಕಂದು ಚುಕ್ಕೆ ನಡೆಯುತ್ತಿತ್ತು. ಭೂತಗನ್ನಡಿ ಹಿಡಿದು ಬಗ್ಗಿದೆ. ಕಣ್ಣಿನ ಜಾಗ ಖಾಲಿ. ಮೈಯ ಆಕಾರ, ಕಾಲಿನ ಕೂದಲು, ಎಲ್ಲ ಆಯಿಯ ಅರಿವೆಯ ಮೇಲೆ ಕಂಡ ಹಾಗೆಯೇ. ಫೋಟೋ ತೆಗೆದೆವು. ಹಿಂದಿನ ಎಡಗಾಲು ಚಿಮಟದಲ್ಲಿ ಹಿಡಿದೆ, "ತಪ್ಪಾತಪಾ" ಅಂದೆ, ತೆಗೆದೆ. ಶೀಸೆಯಲ್ಲಿ ಅದು ಧೂಳಿನ ಕಣದಂತೆ ತೇಲಿತು. ದಾದಾಬೆ ತಾನೇ ಬಟ್ಟೆ ಮಗುಚಿ ಹುಳವನ್ನು ಬಾವಿಗೆ ಬಿಟ್ಟ. ಅಷ್ಟರಲ್ಲಿ ರಸ್ತೆಯಿಂದ ಹಾರ್ನು ಕೇಳಿಸಿತು, ನಾವು ಯಾರಿಗೂ ಸರಿಯಾಗಿ ವಿದಾಯ ಹೇಳದೆ ಓಡಿದೆವು.

ಮುಧೋಳ

ಆ ಕಾಲಿನ ಫಲಿತಾಂಶ ಬರಲು ಐದು ತಿಂಗಳು ಹಿಡಿಯಿತು. ಒಮ್ಮೆ ಕೆಟ್ಟಿತು, ಇನ್ನೊಮ್ಮೆ ಏನೂ ಓದಲಾಗಲಿಲ್ಲ, ಉಳಿದ ಚೂರು ಮೂರನೆಯ ಸಲ ಕೈಹಿಡಿಯಿತು. ಪರದೆಯ ಮೇಲೆ ವಂಶವೃಕ್ಷ ಮೂಡಿದಾಗ ಮೇಡಂ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. ನಮ್ಮ ಹುಳ, ಅವರ ಹುಳ ಒಂದೇ ಟೊಂಗೆಯಲ್ಲಿದ್ದವು. ಕವಲೊಡೆದದ್ದು ನೆಲ ಬೇರೆಯಾದ ಹೊತ್ತಿನ ಸುಮಾರಿಗೆ. "ಅಧ್ಯಾಯ ಇರಲಿ," ಅಂದರು ಮೇಡಂ. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ.

ಮರುದಿನವೇ ಊರಿಗೆ ಹೋದೆ. ನಿರಿನಾ ಆ ಊರಿಗೆ ಹೋಗಿ ದಾದಾಬೆಗೆ ಫೋನ್ ಹಿಡಿಸಿದಳು. ನಾನು ಇಲ್ಲಿ ಅಂಗಳದಲ್ಲಿ, ಆಯಿ ಪಕ್ಕದಲ್ಲಿ ಜೋಳ ಹಸನು ಮಾಡುತ್ತ. ಒಂದೇ ಮನೆತನದವು ಅಂತ ಹೇಳಿದೆ. ದಾದಾಬೆಗೆ ಆಶ್ಚರ್ಯವೇನೂ ಆಗಲಿಲ್ಲ. ಒಂದೇ ಪ್ರಶ್ನೆ ಕೇಳಿದ.

"ಬಿಟ್ಟು ಹೋದಾವ್ರು ಯಾರು? ನೀವೋ, ನಾವೋ?"

ಯೋಚಿಸಿದೆ. ನಮ್ಮ ನೆಲವೇ ಸೀಳಿಕೊಂಡು ಉತ್ತರಕ್ಕೆ ಬಂದದ್ದು.

"ನಾವರಿ," ಅಂದೆ.

ಆಮೇಲೆ ನಿರಿನಾ ಅವನ ಮಾತು ತಿಳಿಸಿದಳು. "ಬಿಟ್ಟು ಹೋದಾವ್ರ ತಾವಾಗಿ ಬಂದು ಮಾತಾಡಿಸಬೇಕು. ಭಾಳ ತಡಾ ಆತು. ಆದರೂ ಬಂದ್ರಿ, ಛಲೋ ಆತು."

ಫೋನ್ ಇಟ್ಟ ಮೇಲೆ ಆಯಿಗೆ ಎಲ್ಲ ಹೇಳಿದೆ. ಆಕೆ ಮೊರ ಕೆಳಗಿಟ್ಟು, ಹೊಲದ ಬಾವಿಯ ಕಡೆ ನೋಡಿದಳು.

"ಹಂಗಾರ ಅವರು ನಮ್ಮ ಬಳಗ ಆತು."

"ಹುಳದ ಬಳಗ, ಆಯಿ."

"ಎಲ್ಲಾ ಒಂದಬೇ. ಹೋಗಾಗ ಅವರಿಗೆ ಏನ ಒಯ್ದಿದ್ದಿ?"

ನಾನು ನೆನಪು ಮಾಡಿಕೊಂಡೆ. ರೊಟ್ಟಿ ಗಾಡಿಯಲ್ಲೇ ಮುಗಿದಿದ್ದವು. ರಮ್ ನಿರಿನಾ ತಂದದ್ದು.

"ಏನೂ ಇಲ್ಲ."

ಆಯಿ ಹಣೆ ಹಣೆ ಬಡಿದುಕೊಂಡಳು.

"ಇಷ್ಟ ವರ್ಷದ ಮ್ಯಾಲ ಬಳಗದ ಮನಿಗೆ ಹೋದಾಕಿ ಬರಿಗೈಲೆ ಹೋದ್ಯಲ್ಲಬೇ! ಮ್ಯಾಲ ಅವರದೊಂದು ಕಾಲ ಬ್ಯಾರೆ ಮುರಕೊಂಡ ಬಂದಿ!"